ಮುನಿಲಕ್ಷ್ಮಮ್ಮ ಒಪ್ಪುವ ಸೈಲೆನ್ಸರ್

ಪಂಚಾಕ್ಷರಿಯ ಜೀಪಿನ ಸದ್ದು ಬ್ಯಾಡರಹಳ್ಳಿಯ ರೇಷ್ಮೆ ಹುಳುಗಳಿಗೆ ಆಗಿಬರುವುದಿಲ್ಲವೆಂದು ಒಂದು ಸೋಮವಾರ ಬೆಳಿಗ್ಗೆ ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಮುನಿಲಕ್ಷ್ಮಮ್ಮ. ಹುಳುಗಳನ್ನು ಯಾರೂ ಕೇಳಲಿಲ್ಲ.

"ನೋಡಿ ಸ್ವಾಮಿ," ಎಂದರು ಅವರು, ಜಗಲಿಯಿಂದ ಇಳಿಯದೆ. "ಪಕ್ಕದ ಮನೆ ಬೋರಮ್ಮನ ಹುಳ ಮೂರನೇ ಜ್ವರಕ್ಕೆ ಕೂತಿದ್ವು. ನಿಮ್ಮ ಗಾಡಿ ಗುಡುಗ್ಕೊಂಡು ಬಂತು. ಮುಂಚೆ ಇಟ್ಟಿದ್ದ ಹುಳ ಅಷ್ಟೂ ಹೋದ್ವು. ತಡವಾಗಿ ಇಟ್ಟವು ನಾಕು ತಟ್ಟೆ ಉಳಿದವೆ, ಅವೂ ಯಾವಾಗ್ಲೋ."

ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆಯೆತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಅದು ಜ್ವರವಲ್ಲವೆಂದು ಪಂಚಾಕ್ಷರಿಗೆ ಗೊತ್ತಿತ್ತು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ್ದ. ಆದರೆ ಆ ಹೊತ್ತಿನಲ್ಲಿ ಹುಳುವಿನ ಮನೆಯವರು ನಿಜಕ್ಕೂ ಕಾಯಿಲೆಯವರಿರುವ ಮನೆಯಲ್ಲಿ ಇದ್ದಂತೆಯೇ ಇರುತ್ತಿದ್ದರು. ಪಾತ್ರೆ ತಿಕ್ಕುವುದನ್ನು ಹಿತ್ತಿಲಿಗೆ ಒಯ್ಯುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಜಗಳಗಳನ್ನು ಕೂಡ ಪಿಸುಮಾತಿನಲ್ಲೇ ಮುಗಿಸುತ್ತಿದ್ದರು. ಅಂಥಲ್ಲಿಗೆ ಸೈಲೆನ್ಸರ್ ತೂತುಬಿದ್ದ ಜೀಪು ಹೋಗಿದ್ದು ಸೂಕ್ಷ್ಮವಾದ ಕೆಲಸವಲ್ಲವೆಂದು ಅವನೂ ಒಪ್ಪುತ್ತಿದ್ದ. ಹುಳು ಸತ್ತದ್ದು ಅದರಿಂದ ಎಂಬುದನ್ನು ಮಾತ್ರ ಒಪ್ಪುತ್ತಿರಲಿಲ್ಲ.

"ಅಮ್ಮ, ಹುಳಕ್ಕೆ ಕಿವಿ ಇಲ್ಲ," ಎಂದ.

"ಇಲ್ದೆ ಇರ್ಬೋದು. ನಂಗಿದೆಯಲ್ಲ."

"ಹಾಗಾದ್ರೆ ಊರಾಚೆ ನಿಲ್ಲಿಸಿ ನಡ್ಕೊಂಡು ಬರ್ತೀನಿ."

"ಎಲ್ಲಿ ನಿಲ್ಲಿಸ್ತೀರ? ಕೆರೆ ಏರಿ ಮೇಲೆ ಬಂದ್ರೇ ಇಲ್ಲಿ ತಟ್ಟೆ ಅದುರ್ತವೆ. ಮಾಗಡಿ ರಸ್ತೇಲಿ ನಿಲ್ಲಿಸಿ ನಡೆದ್ರೆ ಬಿಸಿಲೇರಿ ಮೊಟ್ಟೆ ಬೆಂದೋಗ್ತವೆ. ನೀವೇ ಹೇಳಿದ್ದಲ್ವ, ಮೊಟ್ಟೆ ತಂಪಲ್ಲೇ ಬರ್ಬೇಕು ಅಂತ?" ಅವರು ಸೆರಗು ಸರಿಮಾಡಿಕೊಂಡರು. "ಅದರ ಬಾಯಿ ಮುಚ್ಚಿಸ್ಕೊಂಡು ಬನ್ನಿ. ಮುಂದಿನ ಬೆಳೆಗೆ ನಿಮ್ಮ ಮೊಟ್ಟೆ ಬೇಕೋ ಬ್ಯಾಡ್ವೋ ಆಮೇಲೆ ಹೇಳ್ತೀನಿ."

ಪಂಚಾಕ್ಷರಿಯ ಜೀವನ ನಿಂತಿದ್ದದ್ದು ಈ ಮಾತಿನ ಮೇಲೆ. ಅವನು ರೋಗವಿಲ್ಲದ ರೇಷ್ಮೆ ಮೊಟ್ಟೆ ತಯಾರಿಸಿ ಹಳ್ಳಿಗಳಿಗೆ ಮಾರುತ್ತಿದ್ದ. ಮೊಟ್ಟೆಯಿಟ್ಟ ಪ್ರತಿ ಚಿಟ್ಟೆಯನ್ನೂ ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ತಾಯಿಯಿಂದ ಮೊಟ್ಟೆಗೆ ದಾಟುವ ಗಂಟು ರೋಗದ ಸುಳಿವು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುತ್ತಿದ್ದ. ಮೊಟ್ಟೆ ಅಂಟಿದ ಹಾಳೆಗಳನ್ನು ಒದ್ದೆ ಬಟ್ಟೆ ಸುತ್ತಿದ ಬುಟ್ಟಿಯಲ್ಲಿಟ್ಟು ಬೆಳಗಿನ ತಂಪಿನಲ್ಲಿ ಊರೂರಿಗೆ ಮುಟ್ಟಿಸಲೆಂದೇ ಆ ಜೀಪು ಕೊಂಡಿದ್ದ; ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿ. ಬ್ಯಾಡರಹಳ್ಳಿಯಲ್ಲಿ ಮುನಿಲಕ್ಷ್ಮಮ್ಮ ಯಾರ ಮೊಟ್ಟೆ ತೆಗೆದುಕೊಳ್ಳುತ್ತಾರೋ ಊರೂ ಅವರದನ್ನೇ ತೆಗೆದುಕೊಳ್ಳುತ್ತಿತ್ತು, ಸುತ್ತಲ ಹಳ್ಳಿಗಳು ಬ್ಯಾಡರಹಳ್ಳಿಯನ್ನು ನೋಡಿ ತೆಗೆದುಕೊಳ್ಳುತ್ತಿದ್ದವು. ಅವರು ಬೇಡವೆಂದರೆ ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಗೆ ಹಾಕಿ ದಾವಣಗೆರೆಗೆ ಹಿಂದಿರುಗಿ, ಸೋದರಮಾವ ಶಿವಬಸಪ್ಪನವರ ಜವಳಿ ಅಂಗಡಿಯಲ್ಲಿ ಸೀರೆ ಮಡಿಸಬೇಕು. ಮನೆಯಲ್ಲಿ ಯಾರೂ ಮುಟ್ಟದ ಪದಾರ್ಥದ ಹೆಸರನ್ನು ಹೊತ್ತು "ಮೊಟ್ಟೆ ಪಂಚಾಕ್ಷರಿ" ಎನಿಸಿಕೊಂಡ ಅಳಿಯನಿಗೆ ಶಿವಬಸಪ್ಪನವರು ಅಂಗಡಿಯಲ್ಲಿ ಒಂದು ಮೂಲೆಯನ್ನು ಖಾಲಿ ಇಟ್ಟೇ ಇದ್ದರು. ಹಬ್ಬ ಬಂದಾಗಲೆಲ್ಲ ಆ ಮೂಲೆಯ ಕ್ಷೇಮಸಮಾಚಾರವನ್ನೂ ತಿಳಿಸುತ್ತಿದ್ದರು.

ಪಂಚಾಕ್ಷರಿ ರಾಜಾಜಿನಗರದ ಮನೆಗೆ ಬಂದವನೇ ಪ್ರಯೋಗಕ್ಕೆ ಕೂತ. ಮನೆಯಲ್ಲೇ ಒಂದು ತಟ್ಟೆ ಹುಳು ಸಾಕಿದ್ದರು. ಮೂರನೇ ಜ್ವರಕ್ಕೆ ಕೂತ ಹುಳುಗಳನ್ನೂ ಮೇಯುತ್ತಿದ್ದ ಹುಳುಗಳನ್ನೂ ಬೇರೆ ಬೇರೆ ಮೊರದಲ್ಲಿಟ್ಟ. ಗಾಳಿಯ ಅಲುಗಾಟ ಲೆಕ್ಕಕ್ಕೆ ಬರಬಾರದೆಂದು ಹೆಂಡತಿ ನೀಲಮ್ಮನನ್ನು ಪಕ್ಕದ ಕೋಣೆಯಲ್ಲಿ ನಿಲ್ಲಿಸಿ, ಹಿತ್ತಾಳೆ ತಟ್ಟೆಗೆ ಸೌಟಿನಿಂದ ಹೊಡೆಯಲು ಹೇಳಿದ. ಅವಳು ಹೊಡೆದಳು. ಮೇಯುವವು ಮೇಯುತ್ತಿದ್ದವು, ಕೂತವು ಕೂತೇ ಇದ್ದವು. ಇನ್ನೂ ಜೋರಾಗಿ ಎಂದ. ಅವಳು ಇನ್ನೂ ಜೋರಾಗಿ ಹೊಡೆದಳು.

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ವಿಮಲಮ್ಮ ಕೇಳಿದರು: "ಏನ್ ನೀಲಮ್ಮ, ಕೋತಿ ಬಂದ್ವಾ?"

"ಇಲ್ಲ ವಿಮಲಮ್ಮ. ನಮ್ಮನೆಯವರು ಪರೀಕ್ಷೆ ಮಾಡ್ತಿದಾರೆ."

ಆಮೇಲೆ ಅವನು ಪೆಟ್ರೋಲ್ ಸವರಿದ ಬಟ್ಟೆಯ ಚೂರೊಂದನ್ನು ಸುಟ್ಟು ಹೊಗೆಯನ್ನು ಹುಳುಗಳ ಕಡೆ ಬೀಸಿದ. ಮೇಯುತ್ತಿದ್ದವು ಒಟ್ಟಿಗೆ ತಲೆಯೆತ್ತಿದವು, ಸೊಪ್ಪು ಬಿಟ್ಟವು, ಒಂದೆರಡು ಹಳದಿ ನೀರು ಕಾರಿದವು. ಸದ್ದು ತಾಗುವುದಿಲ್ಲ, ಹೊಗೆ ತಾಗುತ್ತದೆ. ಫಲಿತಾಂಶ ಇಷ್ಟು ಸ್ಪಷ್ಟವಾಗಿ ಬರುವುದು ಅಪರೂಪ.

"ಇದನ್ನ ಆಯಮ್ಮನ ಮುಂದೆ ಹೇಳೋಕೆ ಹೋಗ್ತೀರಾ?" ಎಂದಳು ನೀಲಮ್ಮ.

"ಸತ್ಯ ಅಲ್ವಾ?"

"ಸತ್ಯಾನೇ. ಅದಕ್ಕೇ ಕೇಳಿದ್ದು."

ಅವನು ಯೋಚಿಸಿ, ಸೈಲೆನ್ಸರ್ ಹಾಕಿಸುವುದೇ ಸರಿಯೆಂದುಕೊಂಡ. ಹೇಗೂ ಪೈಪಿನ ತುದಿ ಮನೆಗಳ ಕಡೆ ಹೊಗೆ ಬಿಡದ ಹಾಗೆ ತಿರುಗಿಸಬಹುದು. ಸದ್ದು ತಗ್ಗಿಸುವುದು ಮುನಿಲಕ್ಷ್ಮಮ್ಮನವರಿಗಾಗಿ, ಹೊಗೆ ತಿರುಗಿಸುವುದು ಹುಳುಗಳಿಗಾಗಿ.

ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ಉಗ್ರಪ್ಪನ ಶೆಡ್ಡಿತ್ತು. ಉಗ್ರಪ್ಪ ಎತ್ತರದ ಆಳು, ಯುದ್ಧದ ಕಾಲದಲ್ಲಿ ಸೇನೆಯ ಗಾಡಿಗಳನ್ನು ರಿಪೇರಿ ಮಾಡಿದ್ದವನು. ಇಂಜಿನ್ನಿನ ಸದ್ದಿನ ನಡುವೆಯೇ ಬಾಳಿದ್ದರಿಂದಲೋ ಏನೋ, ಎದುರಿಗಿದ್ದವನೊಡನೆಯೂ ಆಚೆ ದಡದಲ್ಲಿದ್ದವನೊಡನೆ ಮಾತಾಡುವಂತೆ ಮಾತಾಡುತ್ತಿದ್ದ. ಸದ್ದು ಕಡಿಮೆಯಾಗಬೇಕು ಎಂಬ ಬೇಡಿಕೆ ಕೇಳಿ ಅವನಿಗೆ ನಿಜಕ್ಕೂ ಬೇಸರವಾಯಿತು.

"ಜೀಪು ಸಾರ್ ಅದು! ಬರ್ಮಾ ನೋಡ್ಬಂದಿರೋ ಗಾಡಿ. ಅದರ ಗಂಟ್ಲು ಹಿಸುಕ್ತೀರಲ್ಲ, ಪಾಪ ಅನ್ಸಲ್ವಾ?"

"ಹುಳ ಜ್ವರದಲ್ಲಿರ್ತವೆ ಉಗ್ರಪ್ಪ."

"ಹುಳಕ್ಕೆ ಜ್ವರ," ಎಂದ ಉಗ್ರಪ್ಪ, ಪಕ್ಕದಲ್ಲಿದ್ದ ಲಾರಿಗೆ ಹೇಳಿದಂತೆ. ಆಮೇಲೆ ಒಳಗೆ ಹೋಗಿ ಮೂರು ಸೈಲೆನ್ಸರ್ ಎಳೆದು ತಂದ.

ಮೊದಲನೆಯದು ಇನ್ನೊಂದು ಹರಾಜಿನ ಜೀಪಿನಿಂದ ಬಿಚ್ಚಿದ್ದು. ಅಳತೆಗೆ ಸರಿಯಿತ್ತು, ಬೋಲ್ಟುಗಳೂ ತಾವಾಗಿಯೇ ಕೂತವು. ಆದರೆ ಒಳಗಿನ ತಗಡು ತುಕ್ಕು ಹಿಡಿದು ಕಳಚಿತ್ತು. ಅಲುಗಿಸಿದರೆ ಗೆಜ್ಜೆ ಕಟ್ಟಿದ ಹಾಗೆ ಸದ್ದು ಬರುತ್ತಿತ್ತು. ಎರಡನೆಯದು ಉಗ್ರಪ್ಪನ ಸ್ವಂತ ಸೃಷ್ಟಿ: ಎಣ್ಣೆ ಡಬ್ಬಕ್ಕೆ ಎರಡು ಕಡೆ ಪೈಪು ಬೆಸೆದು, ನಡುವಿನ ಪೈಪಿಗೆ ತೂತು ಕೊರೆದು, ಸುತ್ತ ಲೇತಿನಿಂದ ಬಿದ್ದ ಕಬ್ಬಿಣದ ಸುರುಳಿ ತುಂಬಿದ್ದ. ಮೂರನೆಯದು ಬಸ್ಸಿನದು. ಅದನ್ನು ಇಬ್ಬರು ಎತ್ತಬೇಕಾಗಿತ್ತು.

"ಇದು ಹಾಕಿದ್ರೆ ಜೀಪು ಮೂಕ ಆಗ್ತದೆ," ಎಂದ ಉಗ್ರಪ್ಪ, ಬಸ್ಸಿನದನ್ನು ಕಾಲಿನಿಂದ ತೋರಿಸಿ. "ಬ್ಯಾಡ ಅಂತೀನಿ."

ಪಂಚಾಕ್ಷರಿ ಮೂರನ್ನೂ ಒಂದೊಂದಾಗಿ ಹಾಕಿಸಿ ಅಳೆಯಬೇಕೆಂದ. ಸದ್ದು ಅಳೆಯುವ ಉಪಕರಣ ಅವನಲ್ಲಿರಲಿಲ್ಲ, ನೀಲಮ್ಮ ಇದ್ದಳು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟು ಕಲ್ಲುಗಳೇ ಹೆಚ್ಚು. ಅಂಥ ಬಯಲೊಂದರಲ್ಲಿ ಅವಳಿಗೊಂದು ಕೊಡೆ ಕೊಟ್ಟು, ಬೆನ್ನು ತಿರುಗಿಸಿ ನಿಲ್ಲಿಸಿದ. ಜೀಪು ದೂರ ಹೋಗುತ್ತದೆ. ಸದ್ದು ಕೇಳಿಸದೆ ಹೋದ ಕ್ಷಣ ಅವಳು ಕೊಡೆ ಎತ್ತಬೇಕು.

ಮಿಲಿಟರಿಯದನ್ನು ಹಾಕಿದಾಗ ಜೀಪು ಕುರುಬರಹಳ್ಳಿಯ ಹೊಲಗಳ ಅಂಚು ಮುಟ್ಟಿದರೂ ಕೊಡೆ ಏಳಲಿಲ್ಲ. ಎಣ್ಣೆ ಡಬ್ಬದ್ದನ್ನು ಹಾಕಿದಾಗ ಹೊರಟ ಕೂಡಲೇ ಎದ್ದಿತು. ಪಂಚಾಕ್ಷರಿ ಉತ್ಸಾಹದಿಂದ ಹಿಂದೆ ಬಂದು ನೋಡಿದರೆ ವಿಮಲಮ್ಮ ಪಕ್ಕದಲ್ಲಿ ನಿಂತು ತಮ್ಮ ಸೊಸೆಯ ವಿಷಯ ಹೇಳುತ್ತಿದ್ದರು.

"ಏನೂ ಕೇಳಿಸ್ಲಿಲ್ಲ ರೀ," ಎಂದಳು ನೀಲಮ್ಮ ಪ್ರಾಮಾಣಿಕವಾಗಿ.

ಆ ಅಳತೆಯನ್ನು ಬಿಟ್ಟು ಮತ್ತೆ ಮಾಡಬೇಕಾಯಿತು. ಈ ಸಲ ಜೀಪು ಬಹಳ ದೂರ ಹೋಯಿತು. ಎಣ್ಣೆ ಡಬ್ಬ ಸದ್ದನ್ನು ಕಡಿಮೆ ಮಾಡಿರಲಿಲ್ಲ, ಬಾವಿಯೊಳಗೆ ಇಳಿಸಿತ್ತು ಅಷ್ಟೇ. ಬಸ್ಸಿನದನ್ನು ಹಾಕಿದಾಗ ಮಾತ್ರ, ಅವಳ ಜಡೆಯ ಹೂವು ಇನ್ನೂ ಕಾಣುವಷ್ಟು ಹತ್ತಿರದಲ್ಲೇ ಕೊಡೆ ಮೇಲಕ್ಕೆ ಹೋಯಿತು. ವಿಮಲಮ್ಮನನ್ನು ಕೇಳಿ ಖಚಿತಪಡಿಸಿಕೊಂಡ. ಅವರು ಸುಮ್ಮನಿದ್ದರಂತೆ.

ಬಸ್ಸಿನದೇ ಆಗಲಿ ಎಂದ. ನೇರ ತೂಗುಹಾಕಿದರೆ ಕೆರೆ ಏರಿಯ ಕಲ್ಲಿಗೆ ತಗಲುತ್ತದೆಂದು ಉಗ್ರಪ್ಪ ಅದನ್ನು ಅಡ್ಡಕ್ಕೆ ಕಟ್ಟಿ, ಪೈಪಿನ ತುದಿಯನ್ನು ಬಲಗಡೆಗೆ, ನೆಲದಿಂದ ಎತ್ತರಕ್ಕೆ ಬಾಗಿಸಿದ. ಹೊಗೆ ಹೊರಹೋಗಲು ಸ್ವಲ್ಪ ತಿಣುಕಬೇಕಾದ್ದರಿಂದ ಏರು ಹತ್ತುವಾಗ ಇಂಜಿನ್ ಮೂಗು ಕಟ್ಟಿದವರ ಹಾಗೆ ಹತ್ತುತ್ತಿತ್ತು. ಉಳಿದಂತೆ ಜೀಪು ಹೋಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಉಗ್ರಪ್ಪ ಪಕ್ಕದ ಲಾರಿಯ ಇಂಜಿನ್ ಚಾಲೂ ಮಾಡಿ, ಆ ಸದ್ದು ಕೇಳುತ್ತ ಕೈ ಒರೆಸಿಕೊಂಡ.

ಮಾರನೆಯ ದಿನವೇ ಪಂಚಾಕ್ಷರಿ ಬ್ಯಾಡರಹಳ್ಳಿಗೆ ಹೊರಟ. ಹಿಂದಿನ ಸಂಜೆ ಮಳೆ ಬಿದ್ದು ಹಾದಿ ಮೆತ್ತಗಾಗಿತ್ತು. ಏರಿಯ ಮೇಲಿದ್ದ ಕೊಕ್ಕರೆಗಳು ಹಾರಲಿಲ್ಲ. ಊರಿನ ನಾಯಿ ಮಲಗಿದ್ದಲ್ಲಿಂದ ತಲೆಯೆತ್ತಿ ನೋಡಿ, ತನಗೆ ಸಂಬಂಧಪಟ್ಟದ್ದಲ್ಲವೆಂದು ಮತ್ತೆ ಮಲಗಿತು. ಜೀಪು ಮುನಿಲಕ್ಷ್ಮಮ್ಮನವರ ಅಂಗಳದವರೆಗೆ ಹೋಗಿ ನಿಂತಿತು. ಅವನಿಗೆ ತೃಪ್ತಿಯಿಂದ ಎದೆ ತುಂಬಿತು.

ಮುನಿಲಕ್ಷ್ಮಮ್ಮ ಆಗತಾನೇ ತಲೆಗೆ ಎರೆದುಕೊಂಡು, ಕೂದಲು ಬಿಟ್ಟು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಜಗಲಿಯ ಮೇಲೆ ಕಾಲುಚಾಚಿ ಕೂತಿದ್ದರು. ಪಕ್ಕದ ಮನೆಯ ಬಾಗಿಲಲ್ಲಿ ಬೋರಮ್ಮ, ಹದಿನೆಂಟೋ ಇಪ್ಪತ್ತೋ ವಯಸ್ಸಿನ ಹುಡುಗಿ, ತೋಟದಿಂದ ತಂದ ಸೊಪ್ಪನ್ನು ಬುಟ್ಟಿಯಿಂದ ನೇರ ಹುಳುವಿನ ತಟ್ಟೆಗೆ ಸುರಿಯುತ್ತಿದ್ದಳು. ಸೊಪ್ಪಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು.

ಒಂದು ಕ್ಷಣ ಮೂವರೂ ಒಬ್ಬರನ್ನೊಬ್ಬರು ನೋಡಿದರು. ಬೋರಮ್ಮ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದಳು. ಮುನಿಲಕ್ಷ್ಮಮ್ಮ ಸೀರೆ ಇಳಿಬಿಟ್ಟು, ಕೂದಲು ಗಂಟು ಹಾಕಿ, ಎದ್ದು ನಿಂತರು.

"ಕಳ್ಳನ ಥರ ಬರ್ತೀರಲ್ಲ ಸ್ವಾಮಿ! ಹೆಂಗಸ್ರಿರೋ ಅಂಗಳ ಇದು."

"ಸದ್ದು ಮಾಡ್ಬೇಡಿ ಅಂತ ನೀವೇ—"

"ಗುಡುಗ್ಬ್ಯಾಡಿ ಅಂದೆ. ಸುಳಿವೇ ಕೊಡ್ಬ್ಯಾಡಿ ಅಂದ್ನಾ? ಗಂಡಸು ಅಂದ್ಮೇಲೆ ಬಾಗ್ಲ ಹತ್ರ ಒಂದ್ಸಲ ಕೆಮ್ಮಿ ಬರಲ್ವಾ? ನಮ್ಮ ಯಜಮಾನ್ರು, ನಲವತ್ತು ವರ್ಷ ಆಯ್ತು, ಸ್ವಂತ ಮನೆಗೆ ಈಗ್ಲೂ ಕೆಮ್ಮಿ ಬರ್ತಾರೆ. ನಿಮ್ಮಪ್ಪನ ಮನೇಲಿ ಕೆಮ್ಮಲ್ವಾ?"

ಕೆಮ್ಮುತ್ತಿದ್ದರು. ಪಂಚಾಕ್ಷರಿಯ ತಂದೆ ಕೆಮ್ಮುತ್ತಿದ್ದರು, ಅಜ್ಜ ಕೆಮ್ಮುತ್ತಿದ್ದರು, ಶಿವಬಸಪ್ಪನವರಂತೂ ಬೀದಿಯ ತಿರುವಿನಿಂದಲೇ ಶುರುಮಾಡುತ್ತಿದ್ದರು. ಕೊಡೆ ಹಿಡಿದು ಅಷ್ಟು ಅಳತೆ ಮಾಡುವಾಗ ಇದು ತನ್ನ ತಲೆಗೆ ಹೊಳೆಯಲೇ ಇಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

"ಹಾರನ್ ಹೊಡೀಲಾ ಹಾಗಾದ್ರೆ?"

"ಹಾರನ್ ಹೊಡ್ಕೊಂಡು ಬರೋದು ಅಮಲ್ದಾರ್ರು. ಕಂದಾಯ ಕೇಳಕ್ಕೆ ಬಂದ್ರು ಅಂತ ಊರು ಅಷ್ಟೂ ಹಿತ್ಲಲ್ಲಿ ಓಡೋಗ್ತದೆ. ಆಮೇಲೆ ಮೊಟ್ಟೆ ಯಾರಿಗ್ ಕೊಡ್ತೀರ?"

ಪಂಚಾಕ್ಷರಿಯ ಗಮನ ಇನ್ನೂ ಆ ಪಕ್ಕದ ಬಾಗಿಲಿನ ಮೇಲಿತ್ತು. ಒದ್ದೆ ಸೊಪ್ಪು ತಿಂದ ಹುಳುವಿಗೆ ಸಪ್ಪೆ ರೋಗ ಬರುತ್ತದೆ. ಮೈ ಮೆತ್ತಗಾಗಿ ಸಾಯುತ್ತದೆ. ಅಷ್ಟೂ ಹುಳು ಹೋದದ್ದು ಏಕೆಂದು ಈಗ ಅವನಿಗೆ ಕಣ್ಣಾರೆ ತಿಳಿದಿತ್ತು. ಜೀಪು ನಿರಪರಾಧಿ. ತೂತು ಸೈಲೆನ್ಸರ್ ಇದ್ದಿದ್ದರೆ ಏರಿಯ ಮೇಲೆ ಬರುತ್ತಲೇ ಬೋರಮ್ಮ ಬುಟ್ಟಿ ಮರೆಮಾಡುತ್ತಿದ್ದಳು. ಈ ಸತ್ಯ ಎಂದಿಗೂ ಹೊರಬರುತ್ತಿರಲಿಲ್ಲ. ಹೇಳಲು ಬಾಯಿ ತೆರೆದ.

"ನಂಗೊತ್ತು," ಎಂದರು ಮುನಿಲಕ್ಷ್ಮಮ್ಮ, ದನಿ ತಗ್ಗಿಸಿ. "ನನ್ನ ತಮ್ಮನ ಮಗಳು ಅವಳು. ಸೋಮಾರಿ. ಆರ್ಸದೆ ಹಾಕ್ತಾಳೆ. ಇವತ್ತು ಅವಳಿಗೆ ಐತೆ."

"ಹಾಗಾದ್ರೆ ಸದ್ದಿಂದ ಹೋಗಿದ್ದಲ್ಲ ಅಂತ—"

"ಅವಳತ್ತೆಗೆ ಗೊತ್ತಾದ್ರೆ ನಾಳೆ ಬೆಳಿಗ್ಗೆ ತೌರಿಗೆ ಅಟ್ತಾಳೆ. ವರ್ಷ ಆಗಿಲ್ಲ ಮದ್ವೆ ಆಗಿ. ಅವಳಿಗೆ ಹೇಳೋದು ನಾನು ಹೇಳ್ಕೋತೀನಿ. ಊರಿಗೆ ನಿಮ್ಮ ಜೀಪು ಸಾಕು."

ಅವನು ಜೀಪಿನ ಕಡೆ ತಿರುಗಿದ.

"ಹಾಲುಣ್ಣಿಮೆ ಆದ್ಮೇಲೆ ಎಲ್ರೂ ಹೊಸ ಮೊಟ್ಟೆ ಇಡ್ತೀವಿ," ಎಂದರು. "ಕೆಮ್ಮಿಸ್ಕೊಂಡು ಬನ್ನಿ. ನೋಡಾಣ."

ಟೋಲ್‌ಗೇಟಿನವರೆಗೆ ಪಂಚಾಕ್ಷರಿ ಯೋಚಿಸುತ್ತ ಬಂದ. ಮೊದಲು ಯೋಚಿಸಿದ್ದು ಜೀಪಿನ ಮಾನದ ಬಗ್ಗೆ, ಆಮೇಲೆ ವಿಜ್ಞಾನದ ಬಗ್ಗೆ, ಕೊನೆಗೆ ಸೀರೆ ಮಡಿಸುವುದರ ಬಗ್ಗೆ. ಅಷ್ಟು ಹೊತ್ತಿಗೆ ಉಗ್ರಪ್ಪನ ಶೆಡ್ಡು ಬಂದಿತ್ತು.

"ಬೇಕಾದಾಗ ಸದ್ದು ಬರ್ಬೇಕು," ಎಂದ. "ಬೇಡವಾದಾಗ ಬರಬಾರ್ದು."

ಉಗ್ರಪ್ಪನ ಮುಖ ಅರಳಿತು. "ಕಟೌಟು ಹಾಕಾಣ ಸಾರ್! ಹಳೇ ಕಾಲದ ಸಾಹೇಬ್ರ ಕಾರಲ್ಲೆಲ್ಲ ಇರ್ತಿತ್ತು. ಸೈಲೆನ್ಸರ್‌ಗಿಂತ ಮುಂದೆ ಪೈಪಿಗೊಂದು ಕಿಂಡಿ, ಕಿಂಡಿಗೊಂದು ಮುಚ್ಚಳ, ಮುಚ್ಚಳಕ್ಕೆ ತಂತಿ. ಸೀಟಲ್ಲಿ ಕೂತು ಎಳೆದ್ರೆ..." ಮುಂದಿನದನ್ನು ಅವನು ಬಾಯಿಂದಲೇ ಮಾಡಿ ತೋರಿಸಿದ. ಆಚೆ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು.

ಕಿಂಡಿಯ ಅಳತೆಗೇ ಬಹಳ ವಾದವಾಯಿತು. ಉಗ್ರಪ್ಪ ಮುಷ್ಟಿ ತೂರುವಷ್ಟು ಎಂದ. ಪಂಚಾಕ್ಷರಿ ಬೆರಳು ತೂರುವಷ್ಟು ಎಂದ. ಚಿಕ್ಕದಾಗಿ ಶುರುಮಾಡಿ ಅರದಿಂದ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತ ಹೋದರು. ಪ್ರತಿ ಸಲವೂ ಪಂಚಾಕ್ಷರಿ ಮನೆಯ ಮುಂದೆ ಬಂದು ತಂತಿ ಎಳೆಯುವುದು, ಒಳಗಿನಿಂದ ನೀಲಮ್ಮ ಅಭಿಪ್ರಾಯ ಹೇಳುವುದು. ಮೊದಲು ಸೀನಿದ ಹಾಗಿದೆ ಎಂದಳು. ಆಮೇಲೆ ಎಮ್ಮೆ ಹೂಂಕರಿಸಿದ ಹಾಗಿದೆ ಎಂದಳು. ಕೊನೆಗೊಂದು ಸಲ ತಂತಿ ಎಳೆದಾಗ ಒಳಗಿನಿಂದ ಉತ್ತರವೇ ಬರಲಿಲ್ಲ. ಹೋಗಿ ನೋಡಿದರೆ ಅವಳು ತಲೆಯ ಮೇಲೆ ಸೆರಗು ಹೊದ್ದು, ನೀರಿನ ಚೊಂಬು ಹಿಡಿದು ನಡುಮನೆಯಲ್ಲಿ ನಿಂತಿದ್ದಳು.

"ನಿಮ್ಮ ಸೋದರಮಾವ ಬಂದ್ರು ಅಂದ್ಕೊಂಡೆ," ಎಂದಳು.

ಅಲ್ಲಿಗೇ ನಿಲ್ಲಿಸಿದರು.

ಹಾಲುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಮೊಟ್ಟೆಯ ಬುಟ್ಟಿಗಳನ್ನಿಟ್ಟುಕೊಂಡು ಅವನು ಕೆರೆ ಏರಿಯ ಮೇಲೆ ಬಂದು ತಂತಿ ಎಳೆದ. ಜೀಪು ಗಂಭೀರವಾಗಿ, ವಯಸ್ಸಾದವರ ಹಾಗೆ, ಗಂಟಲು ಸರಿಮಾಡಿಕೊಂಡಿತು. ಕೊಕ್ಕರೆಗಳು ಎದ್ದವು. ಅವನು ತಂತಿ ಬಿಟ್ಟು, ಇಂಜಿನ್ ಆರಿಸದೆ ಅಲ್ಲೇ ಕಾದ. ಊರಿನಲ್ಲಿ ಒಂದೊಂದೇ ಬಾಗಿಲು ಮುಂದಾಯಿತು, ಒಗೆದ ಬಟ್ಟೆ ಎಳೆಯುವುದು ಕಂಡಿತು, ಹುಳುವಿನ ಮನೆಗಳ ಮುಂದೆ ಗೋಣಿತಟ್ಟಿನ ಪರದೆಗಳು ಇಳಿದವು. ಆಮೇಲೆ ಜೀಪನ್ನು ಮೆಲ್ಲಗೆ ಏರಿಯಿಂದ ಇಳಿಸಿಕೊಂಡು ಊರೊಳಗೆ ಹೋದ.

ಮುನಿಲಕ್ಷ್ಮಮ್ಮ ತಲೆ ಬಾಚಿ, ಸೆರಗು ಹೊದ್ದು, ಜಗಲಿಯ ಮೇಲೆ ನಿಂತಿದ್ದರು. ಅಕ್ಕಪಕ್ಕದ ಮನೆಗಳ ಹೆಂಗಸರೂ ಸೇರಿದ್ದರು. ಬೋರಮ್ಮ ತನ್ನ ಬಾಗಿಲ ಮುಂದೆ ಸೊಪ್ಪನ್ನು ಪಂಚೆಯ ಮೇಲೆ ಹರಡಿ, ಒಂದೊಂದೇ ಎಲೆ ಮಗುಚಿ ಹಾಕುತ್ತಿದ್ದಳು, ಯಾರೋ ಹಿಂದೆ ನಿಂತು ನೋಡುತ್ತಿರುವ ಹಾಗೆ. ನಿಜಕ್ಕೂ ನಿಂತಿದ್ದರು, ಅವಳ ಅತ್ತೆ. ಕುಳ್ಳಗೆ, ದಪ್ಪಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದವರು.

"ಈಗ ಗಾಡಿ ಹದಕ್ಕೆ ಬಂತು," ಎಂದರು ಮುನಿಲಕ್ಷ್ಮಮ್ಮ, ಎಲ್ಲರಿಗೂ ಕೇಳುವಂತೆ. ಬೋರಮ್ಮನ ಅತ್ತೆಯ ಕಡೆ ತಿರುಗಿ, "ಮೊದ್ಲಿನ ಆ ಸದ್ದಿಗೇ ಕಣೇ ನಿಮ್ಮ ಹುಳ ಹೋಗಿದ್ದು. ಬೇಕಾದ್ರೆ ಓದಿರೋರ್ನ ಕೇಳು. ಅಲ್ವಾ ಸ್ವಾಮಿ?"

ಬೋರಮ್ಮನ ಕೈ ಎಲೆಯ ಮೇಲೆ ನಿಂತಿತು.

ಪಂಚಾಕ್ಷರಿಗೆ ತಾನು ಮಾಡಿದ ಪ್ರಯೋಗ ನೆನಪಾಯಿತು. ಹಿತ್ತಾಳೆ ತಟ್ಟೆ, ಸೌಟು, ಬೇರೆ ಬೇರೆ ಮೊರ, ಪಕ್ಕದ ಕೋಣೆ. ಜೀವಮಾನದಲ್ಲಿ ಅವನು ಅಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ಮಾಡಿರಲಿಲ್ಲ; ಕಾಲೇಜಿನ ಮೇಷ್ಟ್ರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

"ಹೌದಮ್ಮ," ಎಂದ. "ಸದ್ದಿಗೇ ಹೋಗಿದ್ದು."

ನಂತರ, ಸತ್ಯವನ್ನು ಸ್ವಲ್ಪವಾದರೂ ಉಳಿಸಿಕೊಳ್ಳಬೇಕೆನ್ನಿಸಿ, "ಮಳೇಲಿ ಸೊಪ್ಪು ಆರಿಸಿ ಹಾಕಿದ್ರೂ ಒಳ್ಳೇದು, ಎಲ್ಲರಿಗೂ ಹೇಳ್ತಿದೀನಿ," ಎಂದು ಸೇರಿಸಿದ.

"ಅದು ಎಲ್ರಿಗೂ ಗೊತ್ತಿರೋದೆ," ಎಂದು ಮುನಿಲಕ್ಷ್ಮಮ್ಮ ಕೈಚಾಚಿ ಮೊದಲ ಹಾಳೆ ತೆಗೆದುಕೊಂಡರು. ಅದನ್ನು ಬೆಳಕಿಗೆ ಹಿಡಿದು ನೋಡಿ ಒಳಗೆ ಒಯ್ದರು. ಅವರು ಹೊಸ್ತಿಲು ದಾಟುತ್ತಿದ್ದಂತೆ ಉಳಿದವರು ಬುಟ್ಟಿಗಳ ಸುತ್ತ ಮುತ್ತಿಕೊಂಡರು.

ಬೋರಮ್ಮನ ಅತ್ತೆ ಮಾತ್ರ ಬುಟ್ಟಿಗೆ ಬರಲಿಲ್ಲ. ಜೀಪನ್ನು ಒಂದು ಸುತ್ತು ಹಾಕಿ, ಹಿಂದೆ ಬಂದು ಬಗ್ಗಿ, ಅಡ್ಡಕ್ಕೆ ಕಟ್ಟಿದ್ದ ಬಸ್ಸಿನ ಸೈಲೆನ್ಸರನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದರು. ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ಬೆರಳಿನಿಂದ ಕುಟ್ಟಿದರು. ಬಿಸಿಯಿತ್ತು, ಬೆರಳು ಬಾಯಿಗಿಟ್ಟುಕೊಂಡರು.

"ಇಷ್ಟು ದೊಡ್ಡದು ಸಿಗ್ತದಲ್ಲ," ಎಂದರು. "ಮೊದ್ಲೇ ಹಾಕಿಸಿದ್ರೆ ನಮ್ಮ ಹುಳ ಉಳೀತಿರ್ಲಿಲ್ವಾ? ಓದಿದೋರು ನೀವು, ಅಷ್ಟೂ ಗೊತ್ತಾಗಲ್ವಾ?"

"ತಪ್ಪಾಯ್ತಮ್ಮ," ಎಂದ ಪಂಚಾಕ್ಷರಿ, ಮತ್ತು ಅವರ ಪಾಲಿನ ಹಾಳೆಯನ್ನು ಒದ್ದೆ ಬಟ್ಟೆಯಿಂದ ಬಿಡಿಸಿ ಎರಡೂ ಕೈಯಿಂದ ಕೊಟ್ಟ.